ಗೇಮ್ ಶುರುವಾದ ಸ್ವಲ್ಪ ಹೊತ್ತಿಗೇ ಲ್ಯಾಪ್‌ಟಾಪ್ 97 ಡಿಗ್ರಿ: ಕೂಲಿಂಗ್ ಪ್ಯಾಡ್ ತಗೊಂಡ್ರೆ ಸರಿಹೋಗುತ್ತಾ?

ನಿದ್ದೆಗೆಟ್ಟವ:

ಎಲ್ಲರಿಗೂ ನಮಸ್ಕಾರ. ನನ್ನದು ಗೇಮಿಂಗ್ ಲ್ಯಾಪ್‌ಟಾಪ್. ಇಂಟೆಲ್ ಐ7-12700ಎಚ್ ಸಿಪಿಯು (ಮುಖ್ಯ ಚಿಪ್), ಆರ್‌ಟಿಎಕ್ಸ್ 3060 ಜಿಪಿಯು (ಗ್ರಾಫಿಕ್ಸ್ ಚಿಪ್), 16 ಜಿಬಿ ರ‍್ಯಾಮ್, 144 ಹರ್ಟ್ಸ್ ಸ್ಕ್ರೀನ್. ಕಂಪನಿ ಹೆಸರು ಬೇಡ ಬಿಡಿ, ಹೇಳಿದರೆ ಚರ್ಚೆ ಪೂರ್ತಿ ಆ ಕಡೆಗೇ ಹೋಗುತ್ತದೆ. ಕೊಂಡು ವರ್ಷದ ಮೇಲಾಯಿತು, ವಾರಂಟಿ ಇನ್ನೂ ಸ್ವಲ್ಪ ಉಳಿದಿದೆ.

ತೊಂದರೆ ಏನಂದ್ರೆ, ಸೈಬರ್‌ಪಂಕ್ 2077 ಹಾಕಿದರೆ ಮೊದಲು ಚೆನ್ನಾಗಿಯೇ ಓಡುತ್ತದೆ, 85-90 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಫ್ರೇಮ್, ಅಂದ್ರೆ ಚಿತ್ರ) ಬರುತ್ತದೆ. ಕಾಲು ಗಂಟೆ ಆಗುವಷ್ಟರಲ್ಲಿ ಇದ್ದಕ್ಕಿದ್ದಂತೆ 45ಕ್ಕೆ ಬೀಳುತ್ತದೆ, ಕೆಲವು ಸೆಕೆಂಡ್ ಅಲ್ಲೇ ಒದ್ದಾಡಿ ಮತ್ತೆ ಮೇಲೆ ಬರುತ್ತದೆ, ಮತ್ತೆ ಬೀಳುತ್ತದೆ. ಗುಂಡು ಹಾರುತ್ತಿರುವಾಗಲೇ ಹೀಗಾದರೆ ಏನು ಆಡೋದು ಹೇಳಿ. ಸಿಪಿಯು 97 ಡಿಗ್ರಿ ತೋರಿಸುತ್ತದೆ, ಜಿಪಿಯು 84-85. ಡಬ್ಲ್ಯೂ ಕೀ ಸುತ್ತಮುತ್ತ ಬೆರಳು ಇಡೋಕೆ ಆಗಲ್ಲ, ಅಷ್ಟು ಬಿಸಿ. ಫ್ಯಾನ್ ಸದ್ದಿಗೆ ಹೆಡ್‌ಫೋನ್ ಹಾಕಿದರೂ ಪಾತ್ರಗಳ ಮಾತು ಸರಿಯಾಗಿ ಕೇಳಿಸಲ್ಲ.

ಹೊಸದರಲ್ಲಿ ಹೀಗಿರಲಿಲ್ಲ. ಬಿಸಿ ಆಗುತ್ತಿತ್ತು, ಆದರೆ ಎಫ್‌ಪಿಎಸ್ ಹೀಗೆ ಬೀಳುತ್ತಿರಲಿಲ್ಲ.

ಕೆಳಗೆ ಇಡುವ ಫ್ಯಾನ್ ಹಲಗೆ, ಅದೇ ಕೂಲಿಂಗ್ ಪ್ಯಾಡ್, ತಗೊಂಡ್ರೆ ಸಾಕಾ? ಇಲ್ಲಾ ಚಿಪ್ ಮೇಲೆ ಹಚ್ಚಿರುವ, ಬಿಸಿ ದಾಟಿಸುವ ಪೇಸ್ಟ್ ಬದಲಿಸಬೇಕಾ? 97 ಡಿಗ್ರಿಯಲ್ಲಿ ದಿನಾ ಆಡಿದರೆ ಚಿಪ್ ಸುಟ್ಟು ಹೋಗುತ್ತಾ? ಗೆಳೆಯನೊಬ್ಬ ಇದನ್ನು ಮಾರಿ ಡೆಸ್ಕ್‌ಟಾಪ್ ಕಟ್ಟಿಸು ಅಂತಾನೆ. ಅದು ಆಗದ ಮಾತು, ಆ ಸಲಹೆ ಬಿಟ್ಟು ಬೇರೆ ಏನಾದರೂ ಹೇಳಿ.

ಬಿಸಿಗಾಳಿ:

ಮೊದಲು ಸಮಾಧಾನದ ಮಾತು. ಚಿಪ್ ಸುಟ್ಟು ಹೋಗಲ್ಲ. 12700ಎಚ್‌ಗೆ ಇಂಟೆಲ್ ಇಟ್ಟಿರುವ ಮಿತಿಯೇ 100 ಡಿಗ್ರಿ. ಅದರ ಹತ್ತಿರ ಬಂದ ತಕ್ಷಣ ಅದೇ ವೇಗ ಇಳಿಸಿಕೊಳ್ಳುತ್ತದೆ. ನೀವು ನೋಡುತ್ತಿರುವ 45 ಎಫ್‌ಪಿಎಸ್ ಅದೇ, ಥ್ರಾಟ್ಲಿಂಗ್ ಅಂತಾರಲ್ಲ, ಅದು. ಇಳಿಸಿಯೂ ಬಿಸಿ ತಡೆಯಲು ಆಗದೇ ಹೋದರೆ ಯಂತ್ರ ತಾನಾಗಿಯೇ ಆಫ್ ಆಗುತ್ತದೆ. ಹಾಗಾಗಿ ಹೆದರಬೇಕಾದ್ದು ಚಿಪ್ ಬಗ್ಗೆ ಅಲ್ಲ, ಅದರ ಅಕ್ಕಪಕ್ಕ ಇರುವ ಸಾಮಾನಿನ ಬಗ್ಗೆ. ಬ್ಯಾಟರಿಗೆ ಬಿಸಿ ಆಗಿಬರಲ್ಲ. ಫ್ಯಾನ್ ಸದಾ ಪೂರ್ತಿ ವೇಗದಲ್ಲಿ ತಿರುಗಿದರೆ ಅದರ ಬೇರಿಂಗ್ ಬೇಗ ಸವೆಯುತ್ತದೆ. ನಿಮ್ಮ ಕಂಪನಿಯ ಆ್ಯಪ್‌ನಲ್ಲಿ ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲಿಸುವ ಆಯ್ಕೆ ಇದ್ದರೆ ಇವತ್ತೇ ಆನ್ ಮಾಡಿ, ಪೂರ್ತಿ ಚಾರ್ಜ್ ಆದ ಬ್ಯಾಟರಿ ಬಿಸಿಯಲ್ಲೇ ಗಂಟೆಗಟ್ಟಲೆ ಕೂತರೆ ಅದರ ಆಯಸ್ಸು ಬೇಗ ಕರಗುತ್ತದೆ.

ಇನ್ನು ಪ್ಯಾಡ್. ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್ ಹಿಂದಿನ ಎರಡು ಕಾಲುಗಳ ಕೆಳಗೆ ಬಾಟಲಿ ಮುಚ್ಚಳವೋ ಹಳೇ ರಬ್ಬರೋ ಏನೋ ಒಂದನ್ನು ಇಟ್ಟು ಒಂದೆರಡು ಸೆಂಟಿಮೀಟರ್ ಎತ್ತಿ. ಗಾಳಿ ಎಳೆದುಕೊಳ್ಳುವ ಕಿಂಡಿ ತಳದಲ್ಲೇ ಇರುತ್ತದೆ, ಅದಕ್ಕೂ ಮೇಜಿಗೂ ನಡುವೆ ಇರೋದು ಕೆಲವೇ ಮಿಲಿಮೀಟರ್ ಜಾಗ. ಎತ್ತಿದ ಮೇಲೆ ಬಿಸಿ ಇಳಿದರೆ ನಿಮ್ಮ ತೊಂದರೆ ಗಾಳಿಯದ್ದು, ಪ್ಯಾಡ್‌ನಿಂದ ಸ್ವಲ್ಪ ಉಪಯೋಗ ಆದೀತು. ಏನೂ ಬದಲಾಗದಿದ್ದರೆ ಪ್ಯಾಡ್ ಕೊಂಡರೂ ಏನೂ ಆಗಲ್ಲ. ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಟು ಆಡುವ ಅಭ್ಯಾಸ ಇದ್ದರೆ ಅದನ್ನು ಬಿಡಿ ಅಂತ ನಾನು ಬೇರೆ ಹೇಳಬೇಕಾ?

ಆಮೇಲೆ ಎಚ್‌ಡಬ್ಲ್ಯೂಇನ್ಫೋ ಅನ್ನುವ, ಒಳಗಿನ ಬಿಸಿ-ವೇಗ ತೋರಿಸುವ ಸಾಫ್ಟ್‌ವೇರ್ ಹಾಕಿಕೊಂಡು ಸೆನ್ಸರ್ ಕಿಟಕಿ ತೆರೆದಿಟ್ಟು ಆಡಿ. ಡಿಗ್ರಿ ಒಂದನ್ನೇ ನೋಡಬೇಡಿ. ಸಿಪಿಯು ಪ್ಯಾಕೇಜ್ ಪವರ್ ಅಂತ ಒಂದು ಸಾಲು ಇರುತ್ತದೆ, ಜಿಪಿಯು ಪವರ್ ಅಂತ ಇನ್ನೊಂದು. ಕೋರ್ ಥರ್ಮಲ್ ಥ್ರಾಟ್ಲಿಂಗ್ ಸಾಲಿನಲ್ಲಿ ಎಸ್ ಅಂತ ಬರುತ್ತಾ, ನೋ ಅಂತ ಬರುತ್ತಾ ನೋಡಿ. ಎಫ್‌ಪಿಎಸ್ ಬಿದ್ದ ಆ ಹೊತ್ತಿನಲ್ಲಿ ಯಾವುದು ಇಳಿಯಿತು, ಸಿಪಿಯು ವೇಗವಾ ಜಿಪಿಯು ವೇಗವಾ, ಅದನ್ನು ಇಲ್ಲಿ ಬರೆಯಿರಿ. ಅದು ಗೊತ್ತಿಲ್ಲದೆ ಯಾರು ಏನು ಹೇಳಿದರೂ ಕಣ್ಣು ಮುಚ್ಚಿ ಕಲ್ಲು ಹೊಡೆದ ಹಾಗೆ.

ಇನ್ನೊಂದು. ಗೇಮ್ ಶುರುವಾದಾಗ ಶೇಡರ್ ಕಂಪೈಲ್ (ಗ್ರಾಫಿಕ್ಸ್ ಪ್ರೋಗ್ರಾಂಗಳ ತಯಾರಿ) ಆಗುತ್ತಿರುವಾಗ 95 ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಆಗ ಸಿಪಿಯು ಒಳಗಿನ ಎಲ್ಲಾ ಕೋರ್‌ಗಳೂ (ಲೆಕ್ಕ ಮಾಡುವ ಘಟಕಗಳು) ಒಟ್ಟಿಗೆ ದುಡಿಯುತ್ತಿರುತ್ತವೆ, ಅದು ಮುಗಿದ ಮೇಲಿನ ಲೆಕ್ಕವೇ ನಿಜವಾದ ಲೆಕ್ಕ.

ವ್ಯಾಟ್ ಲೆಕ್ಕ:

ಮೇಲಿನವರು ಹೇಳಿದ್ದು ಸರಿ. ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತದೆ.

ಲ್ಯಾಪ್‌ಟಾಪ್ ಬಿಸಿ ಆಗುತ್ತಿದೆ ಅಂದ ಕೂಡಲೇ ಎಲ್ಲರೂ ಬಿಸಿಯನ್ನು ಹೊರಗೆ ಹಾಕೋದು ಹೇಗೆ ಅಂತ ಯೋಚಿಸುತ್ತಾರೆ. ಪ್ಯಾಡ್, ಪೇಸ್ಟ್, ಫ್ಯಾನ್. ಬಿಸಿಯನ್ನು ಹುಟ್ಟಿಸೋದನ್ನೇ ಕಡಿಮೆ ಮಾಡೋಣ ಅಂತ ಯಾರಿಗೂ ಹೊಳೆಯಲ್ಲ. ಚಿಪ್ ತಿನ್ನುವ ಒಂದೊಂದು ವ್ಯಾಟ್ ಕೂಡ ಬಿಸಿಯಾಗಿಯೇ ಹೊರಗೆ ಬರಬೇಕು, ಬೇರೆ ದಾರಿಯೇ ಇಲ್ಲ. ನಿಮ್ಮ 12700ಎಚ್‌ನ ಮೂಲ ಲೆಕ್ಕ 45 ವ್ಯಾಟ್, ಟರ್ಬೊಗೆ, ಅಂದ್ರೆ ತಾತ್ಕಾಲಿಕ ಹೆಚ್ಚು ವೇಗಕ್ಕೆ, ಹೋದರೆ 115 ವ್ಯಾಟ್ ತನಕ ತಿನ್ನಬಹುದು. 3060 ಲ್ಯಾಪ್‌ಟಾಪ್ ಚಿಪ್ 60ರಿಂದ 115 ವ್ಯಾಟ್, ಯಾವ ಮಾಡೆಲ್ ಅನ್ನೋದರ ಮೇಲೆ. ಎರಡೂ ಸೇರಿಸಿ ನೋಡಿ. ಅಷ್ಟು ಬಿಸಿಯನ್ನು ಎರಡು ಬೆರಳು ದಪ್ಪದ ಡಬ್ಬಿಯಿಂದ ಹೊರಗೆ ತಳ್ಳಬೇಕು. ಅದೂ ಅಲ್ಲದೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಸಿಪಿಯು ಮತ್ತು ಜಿಪಿಯು ಮೇಲೆ ಹಾಯುವ ಹೀಟ್‌ಪೈಪ್ (ಬಿಸಿ ಸಾಗಿಸುವ ಕೊಳವೆ) ಒಂದೇ ಆಗಿರುತ್ತದೆ. ಒಂದು ಬಿಸಿಯಾದರೆ ಇನ್ನೊಂದಕ್ಕೂ ಅದರ ಪಾಲು ಹೋಗುತ್ತದೆ. ಇದರಲ್ಲಿ ಒಂದು ಲಾಭವೂ ಇದೆ: ಸಿಪಿಯು ಹತ್ತಿಪ್ಪತ್ತು ವ್ಯಾಟ್ ಕಡಿಮೆ ತಿಂದರೆ ಜಿಪಿಯು ಕೂಡ ತಣ್ಣಗಾಗುತ್ತದೆ.

ಮೊದಲ ಕೆಲಸ ಎಫ್‌ಪಿಎಸ್‌ಗೆ ಮಿತಿ ಹಾಕೋದು. ಇದು ಪುಕ್ಕಟೆ, ಯಾವ ಅಪಾಯವೂ ಇಲ್ಲ, ಅರ್ಧ ನಿಮಿಷದ ಕೆಲಸ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಅಂತ ಇದೆ, ಸೈಬರ್‌ಪಂಕ್ ಒಳಗಿನ ವಿಡಿಯೋ ಸೆಟ್ಟಿಂಗ್‌ನಲ್ಲೂ ಇದೆ. 144 ಹರ್ಟ್ಸ್ ಸ್ಕ್ರೀನ್ ಅಂದ್ರಲ್ಲ, 72ಕ್ಕೆ ಕಟ್ಟಿ. 144ರ ಸರಿಯಾಗಿ ಅರ್ಧ, ಹಾಗಾಗಿ ಪ್ರತಿ ಫ್ರೇಮ್ ಎರಡೆರಡು ರಿಫ್ರೆಶ್‌ಗೆ ಹೊಂದಿಕೊಂಡು ಚಿತ್ರ ನುಣ್ಣಗೆ ಕಾಣುತ್ತದೆ. 90 ಬಂದು 45ಕ್ಕೆ ಬೀಳೋದಕ್ಕಿಂತ 72ರಲ್ಲೇ ಅಲುಗಾಡದೆ ನಿಲ್ಲೋದು ಎಷ್ಟೋ ವಾಸಿ, ಅಲ್ವಾ? ಎಲ್ಡನ್ ರಿಂಗ್ ನೋಡಿ, ಪಿಸಿಯಲ್ಲೂ ಅದಕ್ಕೆ 60ರ ಮಿತಿ ಕಟ್ಟಿಯೇ ಕೊಟ್ಟಿದ್ದಾರೆ.

ಈಗ ಜನ ಎಡವುವ ಜಾಗ ಹೇಳ್ತೀನಿ. ಬಿಸಿ ಜಾಸ್ತಿ ಆಯಿತು ಅಂತ ಗ್ರಾಫಿಕ್ಸ್ ಅಲ್ಟ್ರಾದಿಂದ ಮೀಡಿಯಂಗೆ ಇಳಿಸುತ್ತಾರೆ, ಡಿಎಲ್‌ಎಸ್‌ಎಸ್ (ಸಣ್ಣದಾಗಿ ಬಿಡಿಸಿದ ಚಿತ್ರವನ್ನು ದೊಡ್ಡದು ಮಾಡುವ ಎನ್‌ವಿಡಿಯಾ ತಂತ್ರ) ಆನ್ ಮಾಡುತ್ತಾರೆ, ಮಿತಿ ಮಾತ್ರ ಹಾಕಲ್ಲ. ಆಗ ಏನಾಗುತ್ತದೆ? ಜಿಪಿಯುಗೆ ಒಂದು ಫ್ರೇಮ್ ಬಿಡಿಸೋದು ಸುಲಭವಾಯಿತು, ಅದು ಸುಮ್ಮನೆ ಕೂರದೆ ಇನ್ನೂ ಜಾಸ್ತಿ ಫ್ರೇಮ್ ಬಿಡಿಸುತ್ತದೆ. ಅಷ್ಟೂ ಫ್ರೇಮ್‌ಗಳಿಗೆ ಸಾಮಗ್ರಿ ಒದಗಿಸಬೇಕಾದ್ದು ಸಿಪಿಯು. ಅದರ ಕೆಲಸ ಮೊದಲಿಗಿಂತ ಹೆಚ್ಚಾಯಿತು. 90 ಇದ್ದದ್ದು 120 ಆಗಿ, ಸಿಪಿಯು 97 ಇದ್ದದ್ದು 99 ಆಗಿ, ಗ್ರಾಫಿಕ್ಸ್ ಇಳಿಸಿದರೂ ಬಿಸಿ ಇಳಿದಿಲ್ಲ ಅಂತ ಬಂದು ಇಲ್ಲಿ ದೂರು ಬರೆಯುತ್ತಾರೆ. ಮಿತಿ ಮೊದಲು, ಗ್ರಾಫಿಕ್ಸ್ ಆಮೇಲೆ. ಮಿತಿ ಹಾಕಿದ ಮೇಲೆ ಇಳಿಸಿದ ಒಂದೊಂದು ಸೆಟ್ಟಿಂಗ್ ಕೂಡ ನೇರವಾಗಿ ವ್ಯಾಟ್ ಉಳಿತಾಯ. ರೇ ಟ್ರೇಸಿಂಗ್ (ಬೆಳಕಿನ ದಾರಿಯ ಲೆಕ್ಕ), ನೆರಳು, ವಾಲ್ಯೂಮೆಟ್ರಿಕ್ ಮಂಜು, ಇವು ಮೂರೂ ಭಾರಿ ತಿನ್ನುತ್ತವೆ. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಇಳಿಸಿ ಏನೂ ಪ್ರಯೋಜನ ಇಲ್ಲ, ಅದು ವಿಡಿಯೋ ಮೆಮೊರಿಯ ಲೆಕ್ಕ, ಬಿಸಿಯದ್ದಲ್ಲ.

ಮೆನು ಸ್ಕ್ರೀನ್ ಕೂಡ ಮರೆಯಬೇಡಿ. ಕೆಲವು ಗೇಮ್‌ಗಳು ಮೆನುವಿನಲ್ಲಿ ಮಿತಿಯೇ ಇಲ್ಲದೆ ನೂರಾರು ಫ್ರೇಮ್ ಬಿಡಿಸುತ್ತಾ ಕೂರುತ್ತವೆ. 2021ರಲ್ಲಿ ನ್ಯೂ ವರ್ಲ್ಡ್ ಗೇಮ್‌ನ ಬೀಟಾ ಹೊತ್ತಿನಲ್ಲಿ ಕೆಲವರ ಆರ್‌ಟಿಎಕ್ಸ್ 3090 ಕಾರ್ಡ್‌ಗಳೇ ಸತ್ತವು. ಅಲ್ಲಿ ಕಾರ್ಡ್‌ಗಳ ಬೆಸುಗೆಯ ದೋಷವೂ ಇತ್ತು, ಅದು ಬೇರೆ ಕಥೆ. ಆದರೆ ಗೇಮ್ ಮಾಡಿದವರು ಆಗ ಕೊಟ್ಟ ಅಪ್‌ಡೇಟ್ ಏನು ಗೊತ್ತಾ? ಮೆನುವಿನಲ್ಲಿ ಫ್ರೇಮ್ ಮಿತಿ.

ಎರಡನೇ ಕೆಲಸ ಸಿಪಿಯು ಟರ್ಬೊಗೆ ಲಗಾಮು. ಸಿಪಿಯು ವೇಗ ಏರಿಸಬೇಕಾದರೆ ವೋಲ್ಟೇಜ್ ಕೂಡ ಏರಿಸಬೇಕು. ತಿನ್ನುವ ವಿದ್ಯುತ್ತು ವೇಗದ ಜೊತೆ ಒಂದು ಪಟ್ಟು, ವೋಲ್ಟೇಜ್ ಜೊತೆ ಅದರ ವರ್ಗದಷ್ಟು ಏರುತ್ತದೆ. ವೇಗ 10 ಪರ್ಸೆಂಟ್ ಇಳಿಸಿ, ಜೊತೆಗೆ ವೋಲ್ಟೇಜ್ ಕೂಡ 10 ಪರ್ಸೆಂಟ್ ಇಳಿಯಿತು ಅಂದುಕೊಳ್ಳಿ. 0.9 ಅನ್ನು ಮೂರು ಸಲ ಗುಣಿಸಿದರೆ 0.73. ಅಂದರೆ ಹತ್ತು ಪರ್ಸೆಂಟ್ ವೇಗ ಕೊಟ್ಟು ಇಪ್ಪತ್ತೇಳು ಪರ್ಸೆಂಟ್ ಬಿಸಿ ಕಳೆದುಕೊಂಡಿರಿ. ಇಂಥಾ ವ್ಯಾಪಾರ ಎಲ್ಲಿ ಸಿಗುತ್ತೆ ಹೇಳಿ. ಟರ್ಬೊದ ಆ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗಾಗಿಯೇ ನಿಮ್ಮ ಫ್ಯಾನ್ ಅಷ್ಟು ಕಿರುಚುತ್ತಿರೋದು.

ಇಂಟರ್‌ನೆಟ್‌ನಲ್ಲಿ ಎಲ್ಲರೂ ಹೇಳುವ ಉಪಾಯ ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 99 ಮಾಡೋದು. ಅದರಿಂದ ಟರ್ಬೊ ಪೂರ್ತಿ ಬಂದ್ ಆಗುತ್ತದೆ, ಬಿಸಿ ಧಡಕ್ಕನೆ ಇಳಿಯುತ್ತದೆ. ಆದರೆ ನಿಮ್ಮ ಚಿಪ್‌ನ ದೊಡ್ಡ ಕೋರ್‌ಗಳ ಮೂಲ ವೇಗ 2.3 ಗಿಗಾಹರ್ಟ್ಸ್ ಅಷ್ಟೇ, ಟರ್ಬೊದಲ್ಲಿ 4.7. ಸೈಬರ್‌ಪಂಕ್‌ನ ಜನಜಂಗುಳಿ ಬೀದಿಗಳಲ್ಲಿ 2.3 ಸಾಲದೇ ಹೋಗಿ ಎಫ್‌ಪಿಎಸ್ ತಡವರಿಸಬಹುದು. ಕಾರಣ ಗೊತ್ತಾಗಬೇಕಾದರೆ ಪರೀಕ್ಷೆಗೆ ಒಮ್ಮೆ 99 ಮಾಡಿ ನೋಡಿ. ಬೀಳೋದು ನಿಂತರೆ ತಪ್ಪು ಸಿಪಿಯು ಬಿಸಿಯದ್ದೇ ಅಂತ ಖಾತ್ರಿ. ಆಮೇಲೆ ಅದನ್ನು 100ಕ್ಕೆ ವಾಪಸ್ ಮಾಡಿ, ಥ್ರಾಟಲ್‌ಸ್ಟಾಪ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸಿಪಿಯು ಪವರ್ ಮಿತಿಯನ್ನು 45 ವ್ಯಾಟ್‌ಗೆ ಇಡಿ. ಇಷ್ಟೆಲ್ಲಾ ಬೇಡ ಅಂದ್ರೆ ಕಂಪನಿ ಆ್ಯಪ್‌ನಲ್ಲಿ ಟರ್ಬೊ ಮೋಡ್ ಬಿಟ್ಟು ಬ್ಯಾಲೆನ್ಸ್ಡ್ ಹಾಕಿ, ಒಳಗೆ ಹೆಚ್ಚುಕಮ್ಮಿ ನಡೆಯೋದು ಅದೇ.

ಮೂರನೆಯದು ಜಿಪಿಯು ಅಂಡರ್‌ವೋಲ್ಟ್, ಅಂದ್ರೆ ಅದಕ್ಕೆ ಕೊಡುವ ವೋಲ್ಟೇಜ್ ಇಳಿಸೋದು. ಎಂಎಸ್ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ತೆರೆದು ಕಂಟ್ರೋಲ್ ಮತ್ತು ಎಫ್ ಕೀ ಒತ್ತಿದರೆ ವೋಲ್ಟೇಜ್-ವೇಗದ ಗೆರೆ ಬರುತ್ತದೆ. ಮೊದಲು ಇಡೀ ಗೆರೆಯನ್ನು ಕೆಳಗೆ ಇಳಿಸಿ. ಆಮೇಲೆ 800 ಮಿಲಿವೋಲ್ಟ್ ಹತ್ತಿರದ ಚುಕ್ಕಿಯೊಂದನ್ನು ಹಿಡಿದು 1650 ಮೆಗಾಹರ್ಟ್ಸ್ ಆಸುಪಾಸಿಗೆ ಎತ್ತಿ ಅಪ್ಲೈ ಒತ್ತಿ. ಅದರ ಬಲಕ್ಕಿರೋದೆಲ್ಲ ಮಟ್ಟಸವಾಗುತ್ತದೆ, ಅಂದರೆ ಜಿಪಿಯು ಇನ್ನು ಅದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಲ್ಲ. ಗೇಮ್ ಕ್ರ್ಯಾಶ್ ಆದರೆ ವೇಗ ಸ್ವಲ್ಪ ಇಳಿಸಿ. ಒಂದೊಂದು ಚಿಪ್‌ನ ಗುಣ ಒಂದೊಂದು ಥರ, ಬೇರೆಯವರ ಅಂಕಿ ಕಣ್ಣು ಮುಚ್ಚಿ ಹಾಕಬೇಡಿ. ಕ್ರ್ಯಾಶ್ ಆದರೆ ಹಾಳಾಗೋದು ಏನೂ ಇಲ್ಲ, ರೀಸ್ಟಾರ್ಟ್ ಮಾಡಿದರೆ ಆಯಿತು. ಆದರೆ ಗಂಟೆಗಟ್ಟಲೆ ಆಡಿ ಸ್ಥಿರ ಅಂತ ಗೊತ್ತಾಗುವ ತನಕ, ವಿಂಡೋಸ್ ಜೊತೆಗೇ ಶುರು ಆಗು ಅನ್ನುವ ಟಿಕ್ ಹಾಕಬೇಡಿ.

ಸ್ಕ್ರೂಡ್ರೈವರ್ ಸೀನ:

ವ್ಯಾಟ್ ಲೆಕ್ಕ ಅವರ ಪಾಠ ಚೆನ್ನಾಗಿದೆ, ಆದರೆ ಪ್ರಶ್ನೆ ಕೇಳಿದವರ ಒಂದು ಸಾಲನ್ನು ಯಾರೂ ಓದಿದ ಹಾಗೆ ಕಾಣಲ್ಲ. "ಹೊಸದರಲ್ಲಿ ಹೀಗಿರಲಿಲ್ಲ" ಅಂತ ಬರೆದಿದ್ದಾರೆ ಗುರು! ಅದೇ ಚಿಪ್, ಅದೇ ಟರ್ಬೊ, ಅದೇ ಗೇಮ್. ಆಗ ತಡೆದುಕೊಂಡದ್ದು ಈಗ ತಡೆದುಕೊಳ್ಳುತ್ತಿಲ್ಲ ಅಂದ್ರೆ ಒಳಗೆ ಏನೋ ಬದಲಾಗಿದೆ. ಅದನ್ನು ಬಿಟ್ಟು ಮಿತಿ ಹಾಕಿ, ಟರ್ಬೊ ಕಟ್ಟಿ ಅಂದ್ರೆ ರೋಗ ಮುಚ್ಚಿಟ್ಟ ಹಾಗೆ. ಇವತ್ತು 72ಕ್ಕೆ ಕಟ್ಟುತ್ತಾರೆ, ಇನ್ನೊಂದು ವರ್ಷಕ್ಕೆ 60, ಆಮೇಲೆ 40.

ಒಳಗೆ ಬದಲಾಗೋದು ಸಾಮಾನ್ಯವಾಗಿ ಎರಡೇ. ಧೂಳು, ಇಲ್ಲಾ ಪೇಸ್ಟ್. ಯಾವುದು ಅಂತ ಬಿಚ್ಚದೆಯೇ ಒಂದು ಮಟ್ಟಿಗೆ ಹೇಳಬಹುದು. ಆಡುತ್ತಿರುವಾಗ ಗಾಳಿ ಹೊರಗೆ ಬರುವ ಕಿಂಡಿಯ ಹತ್ತಿರ ಕೈ ಹಿಡಿಯಿರಿ. ಗಾಳಿ ಸಣ್ಣಗೆ ಬರುತ್ತಿದೆ, ಆದರೆ ಸುಡುತ್ತಿದೆ ಅಂದ್ರೆ ಧೂಳು. ಗಾಳಿ ಜೋರಾಗಿದೆ, ಚಿಪ್ 97 ಇದ್ದರೂ ಗಾಳಿ ಮಾತ್ರ ಅಷ್ಟೇನೂ ಬಿಸಿ ಇಲ್ಲ ಅಂದ್ರೆ ಪೇಸ್ಟ್, ಯಾಕಂದ್ರೆ ಚಿಪ್‌ನ ಬಿಸಿ ಹೀಟ್‌ಸಿಂಕ್ (ಬಿಸಿ ಹೀರಿಕೊಳ್ಳುವ ಲೋಹದ ಭಾಗ) ತನಕ ಮುಟ್ಟುತ್ತಲೇ ಇಲ್ಲ. ಇನ್ನೊಂದು ಗುರುತು ಎಚ್‌ಡಬ್ಲ್ಯೂಇನ್ಫೋದಲ್ಲಿ ಸಿಗುತ್ತದೆ. ಕೋರ್‌ಗಳ ಬಿಸಿ ಒಂದೊಂದಾಗಿ ನೋಡಿ. ಒಂದು ಕೋರ್ 97, ಪಕ್ಕದ್ದು 80 ಅಂತ ಬಹಳ ಅಂತರ ಇದ್ದರೆ ಪೇಸ್ಟ್ ಒಂದು ಕಡೆ ಖಾಲಿಯಾಗಿದೆ ಅಂತ ಅರ್ಥ. ಆದರೆ ಪಿ ಕೋರ್‌ಗಳನ್ನು (ದೊಡ್ಡವು) ಪಿ ಕೋರ್‌ಗಳ ಜೊತೆಗೇ ಹೋಲಿಸಿ. 12ನೇ ತಲೆಮಾರಿನಲ್ಲಿ ಇ ಕೋರ್‌ಗಳು (ಸಣ್ಣವು) ಸಾಮಾನ್ಯವಾಗಿ ತಣ್ಣಗೇ ಇರುತ್ತವೆ, ಅವನ್ನು ನೋಡಿ ಗಾಬರಿಯಾಗಬೇಡಿ.

ಧೂಳು ಇದ್ದರೆ ಅದು ಕೂತಿರೋದು ಫ್ಯಾನ್ ರೆಕ್ಕೆ ಮೇಲಲ್ಲ. ಫ್ಯಾನ್‌ಗೂ ತಾಮ್ರದ ಸೀಳುಗಳಿಗೂ ನಡುವೆ, ಕಂಬಳಿ ತುಂಡಿನ ಹಾಗೆ ದಪ್ಪಗೆ ಅಂಟಿಕೊಂಡಿರುತ್ತದೆ. ಹೊರಗಿನಿಂದ ಗಾಳಿ ಊದಿದರೆ ಅದು ಅಲ್ಲೇ ಮಗ್ಗುಲು ಬದಲಿಸುತ್ತದೆ ಅಷ್ಟೇ. ತಳದ ಮುಚ್ಚಳ ಬಿಚ್ಚಿಯೇ ತೆಗೆಯಬೇಕು. ಯಂತ್ರ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಮುಚ್ಚಳ ತೆಗೆದ ತಕ್ಷಣ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ಆಮೇಲೆ ಬೇರೆ ಕೆಲಸ. ಗಾಳಿ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಅದು ಬುಗುರಿಯಾಡಲು ಬಿಟ್ಟರೆ ಬೇರಿಂಗ್ ಹೋಗುತ್ತದೆ. ಗಾಳಿ ಡಬ್ಬಿ ನೆಟ್ಟಗೆ ಹಿಡಿಯಿರಿ, ಓರೆ ಮಾಡಿದರೆ ದ್ರವ ಚಿಮ್ಮುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಹಚ್ಚಬೇಡಿ, ಸ್ಥಾಯೀ ವಿದ್ಯುತ್ತಿನ ಭಯ ಇದೆ. ಇಷ್ಟು ಮಾಡುವಾಗಲೇ ಬ್ಯಾಟರಿ ಕಡೆ ಒಮ್ಮೆ ಕಣ್ಣಾಡಿಸಿ. ಉಬ್ಬಿದ ಹಾಗೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಒತ್ತೋದು ಚುಚ್ಚೋದು ಏನೂ ಬೇಡ, ಸೀದಾ ಸರ್ವಿಸ್‌ಗೆ ಕೊಡಿ.

ಪೇಸ್ಟ್ ಕಥೆ ಸ್ವಲ್ಪ ಬೇರೆ. ಡೆಸ್ಕ್‌ಟಾಪ್ ಸಿಪಿಯು ಮೇಲೆ ಒಂದು ಲೋಹದ ಮುಚ್ಚಳ ಇರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಅದು ಇಲ್ಲ, ಸಿಲಿಕಾನ್ ಬರಿಮೈಯಲ್ಲೇ ಹೀಟ್‌ಸಿಂಕ್‌ಗೆ ಒತ್ತಿಕೊಂಡಿರುತ್ತದೆ. ಆಡುವಾಗ ಬಿಸಿಯಾಗಿ ಹಿಗ್ಗುತ್ತದೆ, ನಿಲ್ಲಿಸಿದಾಗ ಕುಗ್ಗುತ್ತದೆ, ಹೀಗೆ ದಿನಾ. ತೆಳ್ಳನೆ ಪೇಸ್ಟ್ ಆದರೆ ಈ ಹಿಗ್ಗು-ಕುಗ್ಗಿನಲ್ಲಿ ಮೆಲ್ಲಗೆ ಅಂಚಿಗೆ ಜಾರಿಬಿಡುತ್ತದೆ. ಪಂಪ್ ಔಟ್ ಅಂತಾರೆ. ಅದಕ್ಕೇ ಕೆಲವರು ಹೊಸ ಪೇಸ್ಟ್ ಹಾಕಿ ಆಹಾ ಅಂತಾರೆ, ಕೆಲವು ತಿಂಗಳಿಗೆ ಮತ್ತೆ ಅದೇ ರಾಗ. ಲ್ಯಾಪ್‌ಟಾಪ್‌ಗೆ ನಾನು ಹೇಳೋದು ಹನಿವೆಲ್‌ನ ಪಿಟಿಎಂ7950. ಅದು ಪೇಸ್ಟ್ ಅಲ್ಲ, ಹಾಳೆ. 45 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗಿ ಚಿಪ್‌ನ ಮೈಗೆ ಹರಡಿಕೊಳ್ಳುತ್ತದೆ, ತಣ್ಣಗಾದಾಗ ಅಲ್ಲೇ ಗಟ್ಟಿಯಾಗುತ್ತದೆ, ಜಾರಿ ಹೋಗಲ್ಲ. ಹಾಕಿದ ದಿನವೇ ಅಳೆದು ಬೈಯಬೇಡಿ, ಕೆಲವು ಸಲ ಬಿಸಿಯಾಗಿ ತಣ್ಣಗಾದ ಮೇಲೇ ಅದರ ನಿಜವಾದ ಕೆಲಸ ಕಾಣೋದು. ನಕಲಿ ಹಾಳೆಗಳು ಬಹಳ ಓಡಾಡುತ್ತಿವೆ, ನೋಡಿ ತಗೊಳ್ಳಿ.

ಲಿಕ್ವಿಡ್ ಮೆಟಲ್ ವಿಡಿಯೋ ನೋಡಿ ಆಸೆಪಡಬೇಡಿ. ಅದರಲ್ಲಿ ಗ್ಯಾಲಿಯಂ ಇರುತ್ತದೆ, ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ವಿದ್ಯುತ್ತು ಹರಿಸುತ್ತದೆ. ಒಂದು ಹನಿ ಪಕ್ಕಕ್ಕೆ ಜಾರಿದರೆ ಮದರ್‌ಬೋರ್ಡ್‌ಗೆ ತಿಥಿ.

ಥರ್ಮಲ್ ಪ್ಯಾಡ್‌ಗಳು, ಅದೇ ಮೆಮೊರಿ ಚಿಪ್ ಮೇಲಿನ ಬೂದು ಬಣ್ಣದ ಮೆತ್ತೆಗಳು, ಹರಿಯದಿದ್ದರೆ ಹಾಗೇ ಬಿಡಿ. ಬದಲಿಸಲೇಬೇಕಾದರೆ ಅದೇ ದಪ್ಪದ್ದು ಹಾಕಿ. ದಪ್ಪ ಸ್ವಲ್ಪ ಜಾಸ್ತಿ ಆದರೂ ಹೀಟ್‌ಸಿಂಕ್ ಎತ್ತರಕ್ಕೆ ಕೂತು ಚಿಪ್‌ಗೆ ಸರಿಯಾಗಿ ತಾಗಲ್ಲ, ಮೊದಲಿಗಿಂತ ಹದಗೆಡುತ್ತದೆ.

ವಾರಂಟಿ ಇದೆ ಅಂದ್ರಲ್ಲ. ಬಿಚ್ಚುವ ಮೊದಲು ಷರತ್ತು ಓದಿ. ವಾರಂಟಿಯಲ್ಲೇ ಮಾಡಿಕೊಡುತ್ತಾರೆ ಅಂದ್ರೆ ಅವರಿಂದಲೇ ಮಾಡಿಸಿ.

ಸುಮ್ನೆ ಓದ್ತೀನಿ:

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಥ್ರಾಟಲ್‌ಸ್ಟಾಪ್‌ನಲ್ಲಿ ಸಿಪಿಯು ಅಂಡರ್‌ವೋಲ್ಟ್ ಮಾಡೋಣ ಅಂತ ಹೋದರೆ ಆ ಜಾಗವೇ ಮಬ್ಬಾಗಿದೆ, ಲಾಕ್ ಅಂತ ತೋರಿಸುತ್ತದೆ. ಹಳೇ ವಿಡಿಯೋಗಳಲ್ಲಿ ಎಲ್ಲರೂ ಆರಾಮಾಗಿ ಮಾಡುತ್ತಿದ್ದಾರಲ್ಲ, ಈಗ ಏನಾಯಿತು? ಇನ್ನೊಂದು ವಿಷಯ, ಪ್ಯಾಡ್‌ನಿಂದ ಏನೂ ಆಗಲ್ಲ ಅನ್ನೋದನ್ನು ನಾನು ಪೂರ್ತಿ ಒಪ್ಪಲ್ಲ. ಬರೀ ಫ್ಯಾನ್ ಇರುವ ಸಾಮಾನ್ಯ ಪ್ಯಾಡ್ ದಂಡ, ನಿಜ. ಆದರೆ ಸುತ್ತ ಸ್ಪಾಂಜ್ ಅಂಚು ಇದ್ದು, ತಳಕ್ಕೆ ಒತ್ತಿಕೊಂಡು ಗಾಳಿಯನ್ನು ಬಲವಂತವಾಗಿ ಒಳಗೆ ನುಗ್ಗಿಸುವ ಥರದ್ದು ಬೇರೆಯೇ. ನನ್ನ ಹತ್ತಿರ ಇದೆ, ಬಿಸಿ ಚೆನ್ನಾಗಿಯೇ ಇಳಿಯುತ್ತದೆ. ಸದ್ದು ಮಾತ್ರ ದೇವರಿಗೇ ಪ್ರೀತಿ.

ವ್ಯಾಟ್ ಲೆಕ್ಕ:

ಅದು ಪ್ಲಂಡರ್‌ವೋಲ್ಟ್ ಪುಣ್ಯ. ಸಾಫ್ಟ್‌ವೇರ್‌ನಿಂದ ವೋಲ್ಟೇಜ್ ಇಳಿಸಿ ಸಿಪಿಯು ಲೆಕ್ಕ ತಪ್ಪುವ ಹಾಗೆ ಮಾಡಿ, ಅದರ ಒಳಗಿನ ಗುಟ್ಟಿನ ಮಾಹಿತಿ ಕದಿಯಬಹುದು ಅಂತ ಸಂಶೋಧಕರು 2019ರ ಡಿಸೆಂಬರ್‌ನಲ್ಲಿ ತೋರಿಸಿದರು. ಅದಾದ ಮೇಲೆ ಬಯಾಸ್ (ಯಂತ್ರ ಶುರು ಮಾಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್‌ಗಳಲ್ಲಿ ಆ ಬಾಗಿಲು ಮುಚ್ಚಿದರು. ಈಗ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಎಚ್‌ಎಕ್ಸ್ ಸರಣಿಯ ಚಿಪ್‌ಗಳಲ್ಲಿ ಮಾತ್ರ ಸಿಪಿಯು ಅಂಡರ್‌ವೋಲ್ಟ್ ಸಿಗುತ್ತದೆ. ಕೆಲವರು ಹಳೇ ಬಯಾಸ್‌ಗೆ ವಾಪಸ್ ಹೋಗುತ್ತಾರೆ. ನಾನು ಹೋಗಲ್ಲ, ಹೋಗಿ ಅಂತಲೂ ಹೇಳಲ್ಲ. ಅದಕ್ಕೇ ಮೇಲೆ ಸಿಪಿಯುಗೆ ಪವರ್ ಮಿತಿ, ಜಿಪಿಯುಗೆ ಮಾತ್ರ ಅಂಡರ್‌ವೋಲ್ಟ್ ಅಂತ ಬರೆದದ್ದು.

ಸೀನ ಅವರೇ, ನಿಮ್ಮ ಮಾತು ಒಪ್ಪಿದೆ, ಹೊಸದರಲ್ಲಿ ಇರಲಿಲ್ಲ ಅಂದ್ರೆ ಬಿಚ್ಚಿ ನೋಡಲೇಬೇಕು. ಆದರೆ ಮಿತಿ ಹಾಕೋದು ರೋಗ ಮುಚ್ಚೋದು ಅನ್ನೋದನ್ನು ಒಪ್ಪಲ್ಲ. ಧೂಳೇ ಇಲ್ಲದ ಹೊಚ್ಚ ಹೊಸ ಯಂತ್ರಕ್ಕೂ ನಾನು ಮೊದಲು ಮಾಡೋದು ಅದನ್ನೇ. ಕಣ್ಣಿಗೆ ಕಾಣದ ಫ್ರೇಮ್‌ಗೆ ಯಾಕೆ ಬಿಸಿ ತಿನ್ನಬೇಕು?

ಸ್ಪಾಂಜ್ ಪ್ಯಾಡ್ ವಿಷಯ ಸರಿ. ಒಂದು ಎಚ್ಚರಿಕೆ: ಅದು ಗಾಳಿ ಜೊತೆ ಧೂಳನ್ನೂ ಬಲವಂತವಾಗಿ ಒಳಗೆ ತಳ್ಳುತ್ತದೆ. ಧೂಳಿನ ಜಾಲರಿ ಇರುವುದನ್ನು ತಗೊಳ್ಳಿ, ಜಾಲರಿಯನ್ನು ಆಗಾಗ ತೊಳೆಯಿರಿ.

ನಿದ್ದೆಗೆಟ್ಟವ:

ಅಬ್ಬಾ, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಎಚ್‌ಡಬ್ಲ್ಯೂಇನ್ಫೋ ಹಾಕಿ ನೋಡಿದೆ. ಎಫ್‌ಪಿಎಸ್ ಬೀಳುವ ಹೊತ್ತಿಗೆ ಸಿಪಿಯು ಥ್ರಾಟ್ಲಿಂಗ್ ಎಸ್ ಅಂತ ಕೆಂಪಗೆ ಬರುತ್ತದೆ. ಪ್ಯಾಕೇಜ್ ಪವರ್ ಅಲ್ಲಿ ತನಕ 70ರ ಮೇಲೆ ಇದ್ದದ್ದು ಒಮ್ಮೆಲೇ 25ಕ್ಕೆ ಇಳಿಯುತ್ತದೆ. ಜಿಪಿಯು ವೇಗ ಅಷ್ಟೇನೂ ಬದಲಾಗಲ್ಲ. ಅಂದ್ರೆ ಕಳ್ಳ ಸಿಪಿಯು, ಅಲ್ವಾ?

ಹಿಂದಿನ ಕಾಲು ಎತ್ತಿದ್ದಕ್ಕೆ ಮೂರ್ನಾಲ್ಕು ಡಿಗ್ರಿ ಇಳಿಯಿತು. 72ಕ್ಕೆ ಮಿತಿ ಹಾಕಿ, ಬ್ಯಾಲೆನ್ಸ್ಡ್ ಮೋಡ್‌ಗೆ ಬದಲಿಸಿದ ಮೇಲೆ ಸಿಪಿಯು 86ರ ಆಸುಪಾಸು ನಿಂತಿದೆ, ಜಿಪಿಯು 76-77. ಎಫ್‌ಪಿಎಸ್ ಬೀಳೋದು ನಿಂತಿದೆ! ಪಾತ್ರಗಳ ಮಾತೂ ಕೇಳಿಸುತ್ತಿದೆ. ಜಿಪಿಯು ಅಂಡರ್‌ವೋಲ್ಟ್‌ಗೆ ಇನ್ನೂ ಧೈರ್ಯ ಬಂದಿಲ್ಲ.

ಸೀನ ಅವರು ಹೇಳಿದ ಹಾಗೆ ಕೈ ಹಿಡಿದು ನೋಡಿದೆ. ಎಡಗಡೆ ಕಿಂಡಿಯಿಂದ ಗಾಳಿ ಜೋರಾಗಿ ಬರುತ್ತದೆ, ಬಲಗಡೆ ತೀರಾ ಸಣ್ಣಗೆ, ಆದರೆ ಸುಡುತ್ತದೆ. ಪಿ ಕೋರ್‌ಗಳ ನಡುವೆ ಐದಾರು ಡಿಗ್ರಿ ಅಂತರ ಅಷ್ಟೇ. ಇದು ಧೂಳೇ ತಾನೇ?

ಇನ್ನೊಂದು ಕೇಳೋದು ಮರೆತಿದ್ದೆ. ಒಮ್ಮೆ ಆಡುತ್ತಿರುವಾಗಲೇ ಪಟ್ ಅಂತ ಪೂರ್ತಿ ಆಫ್ ಆಯಿತು. ವಿಂಡೋಸ್ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಇತ್ತು. ಅದೂ ಬಿಸಿಯಿಂದಲೇನಾ?

ಬಿಸಿಗಾಳಿ:

41 ಅಂದ್ರೆ ವಿಂಡೋಸ್‌ಗೆ ಗೊತ್ತಿಲ್ಲದ ಹಾಗೆ ಯಂತ್ರ ಆಫ್ ಆಯಿತು ಅಂತ ಮಾತ್ರ. ಕರೆಂಟ್ ಕಿತ್ತರೂ ಅದೇ ಬರುತ್ತದೆ, ಬಿಸಿಗೆ ಆಫ್ ಆದರೂ ಅದೇ. ಕಾರಣ ಅದರಲ್ಲಿ ಇರಲ್ಲ. ನಿಮ್ಮದರಲ್ಲಿ ಥ್ರಾಟ್ಲಿಂಗ್ ಸರಿಯಾಗಿ ಕೆಲಸ ಮಾಡುತ್ತಿದೆ, 97ರಲ್ಲಿ ಅದು ತಡೆಯುತ್ತಲೂ ಇದೆ, ಹಾಗಾಗಿ ಬಿಸಿಗೇ ಆಫ್ ಆಯಿತು ಅಂತ ನನಗೆ ಅನಿಸಲ್ಲ. ಅಡಾಪ್ಟರ್ ನೋಡಿ. ಜೊತೆಗೆ ಬಂದದ್ದೇನಾ, ಇಲ್ಲಾ ಬೇರೆ ಯಾವುದೋ ಸಿ ಟೈಪ್ ಚಾರ್ಜರ್ ಚುಚ್ಚಿದ್ದೀರಾ? 65 ವ್ಯಾಟ್ ಚಾರ್ಜರ್ ಹಾಕಿಕೊಂಡು 3060 ಓಡಿಸಿದರೆ ಉಳಿದದ್ದನ್ನು ಬ್ಯಾಟರಿಯಿಂದ ಎಳೆಯುತ್ತದೆ. ಆಡುತ್ತಿರುವಾಗ ಬ್ಯಾಟರಿ ಪರ್ಸೆಂಟ್ ಇಳಿಯುತ್ತಿದ್ದರೆ ಸಂಶಯ ಅಲ್ಲಿಗೆ ತಿರುಗಿಸಿ. ಅಡಾಪ್ಟರ್ ಕಂಪನಿಯದ್ದೇ ಆಗಿದ್ದು, ಮತ್ತೆ ಹೀಗೇ ಆಫ್ ಆದರೆ ವಾರಂಟಿ ಮುಗಿಯುವ ಮೊದಲು ತೋರಿಸಿ.

ಇನ್ನು ನಿಮ್ಮ ಡಬ್ಲ್ಯೂ ಕೀ ಬಿಸಿ. ಅದರ ಕೆಳಗೇ ಹೀಟ್‌ಪೈಪ್ ಹೋಗಿರುತ್ತದೆ, ಪೂರ್ತಿ ತಣ್ಣಗಾಗೋದು ಕಷ್ಟ. ಒಂದು ಹೊರಗಿನ ಕೀಬೋರ್ಡ್ ಚುಚ್ಚಿಕೊಳ್ಳಿ, ಬೆರಳೂ ಬದುಕುತ್ತದೆ, ಲ್ಯಾಪ್‌ಟಾಪ್ ಅನ್ನು ಎಷ್ಟು ಬೇಕಾದರೂ ಓರೆಯಾಗಿ ಎತ್ತಿ ಇಡಬಹುದು. ಬೇಸಿಗೆಯಲ್ಲಿ ಕೋಣೆ ಐದು ಡಿಗ್ರಿ ಜಾಸ್ತಿ ಬಿಸಿಯಾದರೆ ಚಿಪ್ ಕೂಡ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ, ಆ ಲೆಕ್ಕವನ್ನೂ ಇಟ್ಟುಕೊಳ್ಳಿ.

ಸ್ಕ್ರೂಡ್ರೈವರ್ ಸೀನ:

ಬಲಗಡೆ ಸಣ್ಣ ಗಾಳಿ, ಅದೂ ಸುಡುತ್ತೆ ಅಂದ್ರೆ ಧೂಳೇ. ಕೋರ್ ಅಂತರ ಐದಾರು ಅಂದ್ರೆ ಪೇಸ್ಟ್ ಚೆನ್ನಾಗಿದೆ, ಅದರ ತಂಟೆಗೆ ಹೋಗಬೇಡಿ. ಹೀಟ್‌ಸಿಂಕ್ ಎತ್ತಿದರೆ ಹಳೇ ಪೇಸ್ಟ್ ಕಥೆ ಮುಗಿದ ಹಾಗೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಹೊಸದು ಹಾಕಲೇಬೇಕು. ನಿಮಗೆ ಅದು ಈಗ ಬೇಡ. ಬಹಳಷ್ಟು ಮಾಡೆಲ್‌ಗಳಲ್ಲಿ ಹೀಟ್‌ಸಿಂಕ್ ಮುಟ್ಟದೆ ಫ್ಯಾನ್ ಒಂದನ್ನೇ ಬಿಚ್ಚಬಹುದು, ಕೆಲವದರಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಹುಡುಕಿ ನೋಡಿಕೊಂಡೇ ಕೈ ಹಾಕಿ. ಒಂದು ಕಡೆ ಮಾತ್ರ ಗಾಳಿ ಕಡಿಮೆ ಅಂದ್ರೆ ಆ ಫ್ಯಾನೇ ನಿಧಾನ ಆಗಿರಬಹುದು. ಎಚ್‌ಡಬ್ಲ್ಯೂಇನ್ಫೋದಲ್ಲಿ ಎರಡೂ ಫ್ಯಾನ್‌ಗಳ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬರುತ್ತಾ ನೋಡಿ. ಎರಡೂ ಒಂದೇ ಥರ ತಿರುಗುತ್ತಿದ್ದರೆ ಧೂಳು ಅಂತಲೇ ಹಿಡಿಯಿರಿ. ಒಂದು ಬಹಳ ಹಿಂದೆ ಬಿದ್ದಿದ್ದರೆ ನೀವು ಬಿಚ್ಚಲೇಬೇಡಿ, ವಾರಂಟಿಯಲ್ಲಿ ಹೊಸ ಫ್ಯಾನ್ ಕೇಳಿ.

ಬಿಚ್ಚುವಾಗ ಸ್ಕ್ರೂಗಳು ಒಂದೇ ಉದ್ದ ಇರಲ್ಲ, ಹಿಂಬದಿಯವು ಸಾಮಾನ್ಯವಾಗಿ ಉದ್ದ. ಒಂದು ಹಾಳೆ ಮೇಲೆ ಲ್ಯಾಪ್‌ಟಾಪ್ ತಳದ ಚಿತ್ರ ಗೀಚಿ, ತೆಗೆದ ಜಾಗಕ್ಕೆ ಸರಿಯಾಗಿ ಒಂದೊಂದು ಸ್ಕ್ರೂ ಅಂಟಿಸಿಡಿ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಬಿಗಿದು ಕೀಬೋರ್ಡ್ ಕಡೆಯಿಂದ ಗುಬುಟು ಎಬ್ಬಿಸಿದವರನ್ನು ಬಹಳ ಜನ ನೋಡಿದ್ದೇನೆ.

ನಿದ್ದೆಗೆಟ್ಟವ:

ಆರ್‌ಪಿಎಂ ಎರಡೂ ಹತ್ತಿರ ಹತ್ತಿರ ಒಂದೇ ಇದೆ. ಅಡಾಪ್ಟರ್ ಕಂಪನಿಯದ್ದೇ, ಆದರೆ ಪಿನ್ ಸ್ವಲ್ಪ ಸಡಿಲ ಇದೆ, ಅಲುಗಾಡಿಸಿದರೆ ಚಾರ್ಜಿಂಗ್ ದೀಪ ಹೋಗಿ ಬರುತ್ತದೆ. ಇದನ್ನು ಗಮನಿಸಿಯೇ ಇರಲಿಲ್ಲ. ಹೇಗೂ ಅದಕ್ಕೆ ಸರ್ವಿಸ್‌ಗೆ ಕೊಡಬೇಕು, ಧೂಳೂ ಅಲ್ಲೇ ತೆಗೆಸುತ್ತೇನೆ. ಪ್ಯಾಡ್ ಸದ್ಯಕ್ಕೆ ಬೇಡ.

ಸ್ಕ್ರೂಡ್ರೈವರ್ ಸೀನ:

ಸರಿ. ಕೊಡುವ ಮೊದಲು ಈಗಿನ ಅಂಕಿಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ವಾಪಸ್ ಬಂದ ಮೇಲೆ ಅದೇ ಗೇಮ್, ಅದೇ ಜಾಗ, ಅದೇ ಸೆಟ್ಟಿಂಗ್‌ನಲ್ಲಿ ಅಳೆದು ನೋಡಿ. ಬಲಗಡೆ ಗಾಳಿ ಇನ್ನೂ ಸಣ್ಣಗೇ ಇದ್ದರೆ ಅವರು ಮುಚ್ಚಳ ಬಿಚ್ಚಿಯೇ ಇಲ್ಲ ಅಂತ ಲೆಕ್ಕ.